ನಲವತ್ತು ಸೆಕೆಂಡಿನ ಹಾವು

ಶೈಲಾ ವಿಡಿಯೋ ಮಾಡಲು ಶುರು ಮಾಡಿದ್ದು ಹೆಸರಿನ ಆಸೆಗಲ್ಲ, ಸಿಟ್ಟಿಗೆ. ವಿಜಯಪುರದ ಒಂದು ಕಾಲೇಜಿನಲ್ಲಿ ಅವಳು ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಮಳೆಗಾಲ ಬಂತೆಂದರೆ ತರಗತಿಯಲ್ಲಿ ಯಾರಾದರೊಬ್ಬರು ಬರುವುದು ನಿಲ್ಲುತ್ತಿತ್ತು. ಕೇಳಿದರೆ, “ಅವರ ಮನ್ಯಾಗ ಹಾವು ಕಡದೈತ್ರಿ” ಅನ್ನುತ್ತಿದ್ದರು. ಮುಂದಿನದನ್ನು ಕೇಳುವುದೇ ಬೇಕಿರಲಿಲ್ಲ. ಮೊದಲು ಮಂತ್ರ ಹಾಕುವವನ ಹತ್ತಿರ ಒಯ್ದಿರುತ್ತಾರೆ, ಬೇರು ಅರೆದು ಕುಡಿಸಿರುತ್ತಾರೆ, ಕಡಿದ ಜಾಗ ಕೊಯ್ದಿರುತ್ತಾರೆ, ಕೊನೆಗೆ ಉಸಿರು ಎಳೆಯುವ ಹೊತ್ತಿಗೆ ಗಾಡಿ ಹುಡುಕಿರುತ್ತಾರೆ. ಒಂದು ವರ್ಷ, ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೇ ಹೀಗೆ ಹೋದಳು. ಅವತ್ತು ಸಂಜೆ ಶೈಲಾ ಪ್ರಯೋಗಾಲಯದಲ್ಲಿ ಪುಸ್ತಕಗಳ ಗುಡ್ಡೆಗೆ ಫೋನು ಆನಿಸಿ ನಿಲ್ಲಿಸಿ, ಒಂದೇ ಉಸಿರಿನಲ್ಲಿ ಮಾತಾಡಿದಳು.

“ಹಾವು ಕಡದ್ರ ಗುಡಿಗೂ ಹೋಗಬ್ಯಾಡ್ರಿ, ದರ್ಗಾಕ್ಕೂ ಹೋಗಬ್ಯಾಡ್ರಿ. ದವಾಖಾನಿಗೆ ಹೋಗ್ರಿ. ಗುಡಿ, ದರ್ಗಾ ಎಲ್ಲೂ ಓಡಿ ಹೋಗೂದಿಲ್ಲ, ಅಲ್ಲೇ ಇರತಾವ. ಆರಾಮಾದ ಮ್ಯಾಲ ಕಾಯಿ ಒಡಸ್ರಿ, ಸಕ್ಕರಿ ಹಂಚ್ರಿ.”

ಆ ಮಾತು ಜಿಲ್ಲೆಯೆಲ್ಲ ಓಡಾಡಿತು. ದ್ರಾಕ್ಷಿ ತೋಟದ ಗುಂಪುಗಳು, ಟಂಟಂ ಆಟೋ ಚಾಲಕರ ಗುಂಪುಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಗುಂಪುಗಳು, ಎಲ್ಲ ಕಡೆ ಅವಳದೇ ಮುಖ. ಮಾತು ಪುಸ್ತಕದ್ದಲ್ಲ, ಮನೆಯದು. ಅದಕ್ಕೇ ಹಿಡಿಸಿತು. ಕೆಲ ತಿಂಗಳ ನಂತರ ಹೊನವಾಡದ ಲಕ್ಕವ್ವ ಎಂಬ ಮುದುಕಿ ಮಗ ಸಿದ್ದರಾಮನ ಜೊತೆ ಕಾಲೇಜಿಗೇ ಬಂದಳು. ತೋಟದಲ್ಲಿ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಅವಳ ಪಾದಕ್ಕೆ ಬಾಯಿ ಹಾಕಿತ್ತು. ಊರಿನ ಹಿರಿಯರು ಬೇರಿನ ಔಷಧಿಯವನನ್ನು ಕರೆಸುವುದರಲ್ಲಿದ್ದರು. ಸಿದ್ದರಾಮ ಯಾರ ಮಾತೂ ಕೇಳದೆ ಅವ್ವನನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು, ಹಿಂದೆ ಗೆಳೆಯನನ್ನು ಹತ್ತಿಸಿಕೊಂಡು ವಿಜಯಪುರಕ್ಕೆ ಹಾರಿಸಿದ್ದ.

“ನಿಮ್ಮ ಮಾತು ಕಿವ್ಯಾಗ ಕುಂತಿತ್ರಿ ಬಾಯಾರ. ಇಲ್ಲಾಂದ್ರ ನಾನೂ ಅವರ ಮಾತ ಕೇಳತಿದ್ದೆ,” ಅಂದ ಸಿದ್ದರಾಮ, ಆ ಕಡೆ ಟೀಚರಮ್ಮನನ್ನು ಕರೆಯುವ ಹಾಗೆಯೇ ಕರೆದು, ದ್ರಾಕ್ಷಿಯ ಪೆಟ್ಟಿಗೆ ಕೆಳಗಿಡುತ್ತ.

ಲಕ್ಕವ್ವ ಶೈಲಾಳ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. “ಫೋನಿನ್ಯಾಗ ದಪ್ಪ ಕಾಣತಿ ಬೇ. ಇಲ್ಲಿ ನೋಡಿದ್ರ ಹಿಡಿ ಎಲುಬಿಲ್ಲ. ಉಣ್ಣು ಚೊಲೋತ್ನಾಗಿ,” ಅಂದಳು. ಇಡೀ ಸಿಬ್ಬಂದಿ ಕೋಣೆ ನಕ್ಕಿತು. ಶೈಲಾಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಪಾಠ ಹೇಳಿ ಆಗದ್ದು ಒಂದು ವಿಡಿಯೋದಿಂದ ಆಗಿತ್ತು.

ಆ ಮೇಲೆ ನಿಲ್ಲಲಿಲ್ಲ. ಚೇಳಿನ ಬಗ್ಗೆ, ನಾಯಿ ಕಡಿತದ ಬಗ್ಗೆ, ಹಾವು ಹಾಲು ಕುಡಿಯುತ್ತದೆಂಬ ಸುಳ್ಳಿನ ಬಗ್ಗೆ ಮಾಡಿದಳು. ಅಥಣಿ ರಸ್ತೆಯ ಹೊಸ ಬಡಾವಣೆಯ ಮನೆಯಲ್ಲಿ, ಬೆಳಿಗ್ಗೆ ಚಹಾಕ್ಕೆ ನೀರಿಡುವ ಮೊದಲೇ, ಎಷ್ಟು ಜನ ನೋಡಿದ್ದಾರೆಂದು ಫೋನು ತೆಗೆದು ನೋಡುವ ಚಟ ಹತ್ತಿತು. ಸಂಖ್ಯೆ ಏರಿದ ದಿನ ಚಹಾಕ್ಕೆ ಸಕ್ಕರೆ ಜಾಸ್ತಿ ಬೀಳುತ್ತದೆ ಎಂದು ಗಂಡ ಅರುಣಕುಮಾರ ಚೇಷ್ಟೆ ಮಾಡುತ್ತಿದ್ದ. ಅವನು ಬ್ಯಾಂಕಿನಲ್ಲಿದ್ದವನು, ಮಂದಿಯ ಮನಸ್ಸು ಬಲ್ಲವನು.

ಒಮ್ಮೆ ಒಬ್ಬ ವಿದ್ಯಾರ್ಥಿ ಪ್ಲಾಸ್ಟಿಕ್ ಚೀಲದಲ್ಲಿ ಬಡಿದು ಕೊಂದ ಹಾವು ತಂದ. ಕಂದು ಕಪ್ಪು ಮೈ, ಬಿಳಿ ಪಟ್ಟಿ. ಕಟ್ಟುಹಾವೆಂದು ಹೆದರಿ ಕೊಂದಿದ್ದರು. ಅದು ತೋಳಹಾವು, ವಿಷವಿಲ್ಲದ್ದು, ಗೋಡೆಯ ಹಲ್ಲಿ ಹುಡುಕಿಕೊಂಡು ಮನೆಗೆ ಬರುವ ಬಡಪಾಯಿ. ಶೈಲಾ ಎರಡೂ ಹಾವುಗಳ ವ್ಯತ್ಯಾಸ ಹೇಳಿ ಉದ್ದನೆಯ ವಿಡಿಯೋ ಮಾಡಿದಳು. ತೋಳಹಾವಿನ ಪಟ್ಟಿಗಳು ಕುತ್ತಿಗೆಯ ಹತ್ತಿರ ನಿಚ್ಚಳ, ಬಾಲದ ಕಡೆ ಮಾಸುತ್ತ ಹೋಗುತ್ತವೆ. ಕಟ್ಟುಹಾವಿನದು ಉಲ್ಟಾ, ತಲೆಯ ಹತ್ತಿರ ಮಸುಕು, ಬಾಲದ ಕಡೆ ಎದ್ದು ಕಾಣುತ್ತವೆ. ಬೆನ್ನಿನ ಹುರುಪೆಗಳ ಆಕಾರ, ಮೂತಿಯ ಆಕಾರ, ಎಲ್ಲ ವಿವರಿಸಿದ್ದಳು. ಅದನ್ನು ಅವಳ ವಿದ್ಯಾರ್ಥಿಗಳೇ ಪೂರ್ತಿ ನೋಡಲಿಲ್ಲ.

“ಏಳು ನಿಮಿಷ ಯಾರು ಕುಂದರತಾರ ಮಾರಾಯ್ತಿ? ಗಿಡ್ಡ ಮಾಡು,” ಅಂದ ಅರುಣಕುಮಾರ.

ಗಿಡ್ಡ ಮಾಡಿದಳು. ನಲವತ್ತು ಸೆಕೆಂಡು. “ಕರೀ ಮೈ, ಬಿಳೀ ಪಟ್ಟಿ. ನೋಡಿ ಹೆದರಬ್ಯಾಡ್ರಿ. ಇದು ತೋಳಹಾವು, ಇದಕ್ಕ ವಿಷಾ ಇಲ್ಲ. ಕಡದ್ರೂ ಏನೂ ಆಗೂದಿಲ್ಲ” ಎಂದು ಶುರು. “ಆದ್ರ ಕಟ್ಟುಹಾವು ಥೇಟ್ ಹಿಂಗ ಇರತೈತಿ, ಅದರ ವಿಷಾ ಭಾಳ ಕೆಟ್ಟದ್ದು. ಗುರ್ತಾ ಹಿಡಕೋತ ಕುಂದರಬ್ಯಾಡ್ರಿ. ಯಾವ ಹಾವಽ ಕಡೀಲಿ, ದವಾಖಾನಿಗೆ ಹೋಗ್ರಿ” ಎಂದು ಕೊನೆ. ಮುಖ್ಯವಾದದ್ದನ್ನು ಕೊನೆಗಿಡುವುದು ಅವಳ ಪಾಠದ ಪದ್ಧತಿ. ಗಂಟೆ ಹೊಡೆಯುವಾಗ ಹೇಳಿದ್ದು ನೆನಪಿರುತ್ತದೆ ಎಂದು ನಂಬಿದವಳು ಅವಳು. ಫೋನಿನಲ್ಲಿ ಗಂಟೆಯವರೆಗೆ ಯಾರೂ ಕೂರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅಥಣಿ ರಸ್ತೆಯಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದ ಗುರುಪಾದಯ್ಯ ಎಂಬವನು ‘ಗುಮ್ಮಟ ಸುದ್ದಿ’ ಎಂಬ ಪೇಜು ನಡೆಸುತ್ತಿದ್ದ. ಅಪಘಾತ, ಜಗಳ, ಮದುವೆ, ದ್ರಾಕ್ಷಿಯ ದರ, ಎಲ್ಲವೂ ಅದರಲ್ಲಿ. ಅವಳ ವಿಡಿಯೋಗಳನ್ನು ತನ್ನ ಪೇಜಿಗೂ ಹಾಕಿಕೊಳ್ಳಲೇ ಎಂದು ಹಿಂದೆಯೇ ಕೇಳಿದ್ದ. “ಹಾಕ್ಕೋರಿ, ಮಂದಿಗೆ ಮುಟ್ಟಿದ್ರ ಸಾಕು,” ಅಂದಿದ್ದಳು ಶೈಲಾ, ಹಿಗ್ಗಿನಿಂದಲೇ.

ಬೇಸಿಗೆ ಕಾವೇರುತ್ತಿದ್ದ ದಿನಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಸುದ್ದಿ ಬಂತು. ಬಬಲೇಶ್ವರದ ನಜಮಾಳ ತಂದೆ ಮಲಂಗಸಾಬ ತೀರಿಕೊಂಡಿದ್ದರು. ಎದೆನೋವು ಅಂತ ಬರೆದಿತ್ತು.

ನಜಮಾ ಶೈಲಾಗೆ ಬರೀ ವಿದ್ಯಾರ್ಥಿನಿ ಅಲ್ಲ. ತರಗತಿಯಲ್ಲಿ ಎದ್ದು ನಿಂತು, “ಬಾಯಾರ, ಪುಸ್ತಕದಾಗ ಹಂಗೈತಿ ಖರೆ, ಆದ್ರ ಯಾಕ?” ಎಂದು ಕೇಳುತ್ತಿದ್ದವಳು. ಈಗ ಊರಿನ ಖಾಸಗಿ ಸಾಲಿಯಲ್ಲಿ ವಿಜ್ಞಾನ ಹೇಳುತ್ತಿದ್ದಳು. ಶೈಲಾಳ ಪ್ರತಿ ವಿಡಿಯೋ ಅವಳ ಕೈಯಿಂದ ಬಬಲೇಶ್ವರದ ಗುಂಪುಗಳಿಗೆ ಹೋಗುತ್ತಿತ್ತು. ಮಂತ್ರ ಹಾಕುವವನ ಜೊತೆ ನಡುಬಜಾರಿನಲ್ಲಿ ವಾದ ಹಾಕಿದ್ದಳಂತೆ. ಆ ಹುಡುಗಿ ಫೋನು ಎತ್ತಲಿಲ್ಲ. ರವಿವಾರ ಶೈಲಾ ಬಸ್ಸು ಹತ್ತಿದಳು.

ಮಲಂಗಸಾಬ ಗಾದಿ ಹೊಲಿಯುತ್ತಿದ್ದವರು. ಮನೆಯ ಮುಂದಿನ ಪಡಸಾಲೆಯೇ ಅಂಗಡಿ, ಗೋಡೆಗೆ ಆನಿಸಿದ ಹತ್ತಿಯ ಮೂಟೆಗಳು, ಅರ್ಧ ಹೊಲಿದ ಗಾದಿಯೊಂದು ಹಾಗೇ ಬಿದ್ದಿತ್ತು. ಒಳಗೆ ತಾಯಿ ಮಾಸುಮಬಿ ಹೆಂಗಸರ ನಡುವೆ ಕೂತಿದ್ದಳು. ನಜಮಾ ಮೂಲೆಯಲ್ಲಿ, ಮೊಣಕಾಲಿಗೆ ಹಣೆ ಹಚ್ಚಿ. ಬಾಯಾರು ಬಂದರೆಂದು ಯಾರೋ ಹೇಳಿದರೂ ತಲೆ ಎತ್ತಲಿಲ್ಲ. ಶೈಲಾ ಮಾಸುಮಬಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಎದ್ದು ಹೊರಬಂದಾಗ ನಜಮಾಳ ಅಣ್ಣ ಅಯೂಬ ತನ್ನ ಟಂಟಂ ಪಕ್ಕ ನಿಂತಿದ್ದ.

“ನೀವು ಹಾವಿನ ಬಾಯಾರಲ್ರಿ?”

ಹಾಗೆ ಕೇಳಿದವರಿಗೆಲ್ಲ ನಗುವುದು ರೂಢಿಯಾಗಿತ್ತು. ಬರುತ್ತಿದ್ದ ನಗೆಯನ್ನು ತಡೆದುಕೊಂಡು, “ಹೌದಪ್ಪಾ,” ಅಂದಳು.

“ನಮ್ಮ ಅಬ್ಬಾಗ ಏನಾಗಿತ್ತು ಗೊತ್ತೈತೇನ್ರಿ?”

“ಎದಿನೋವು ಅಂತ…”

“ಹಂಗಂತ ಊರಾಗ ಹೇಳೀವಿ.” ಅಯೂಬ ಸುತ್ತ ನೋಡಿ ದನಿ ತಗ್ಗಿಸಿದ. “ಸೆಕಿ ಅಂತ ಅಬ್ಬಾ ಅಂಗಡ್ಯಾಗ ನೆಲದ ಮ್ಯಾಲ ಮಲಗಿದ್ರು. ನಸೀಕಿನ್ಯಾಗ ಕೈಗೆ ಏನೋ ಚುಚ್ಚಿದಂಗಾತಂತ ಎದ್ದು ದೀಪಾ ಹಾಕಿದ್ರ, ಹತ್ತಿ ಮೂಟಿ ಬಾಜೂಕ ಹಾವು. ಕರೀದು, ಬಿಳೀ ಪಟ್ಟೀದು. ನಾ ಬಡಿಗಿ ತಗೊಂಡು ಹೊಡದೆ. ಬಾವಿಲ್ಲ, ನೋವಿಲ್ಲ. ಅಬ್ಬಾ ನಗಾಕತ್ತಿದ್ರು. ಅಮ್ಮಿ ಮಂತ್ರದಾಂವನ ಕಡೆ ನಡೀರಿ ಅಂದ್ಲು. ನಾ ದವಾಖಾನಿ ಅಂದೆ. ಈ ಗಾಡಿ ಚಾಲೂ ಮಾಡಿ ನಿಂದ್ರಿಸಿದ್ದೆ, ಇಲ್ಲೇ, ಈ ಬಾಗಲದಾಗ. ನಜಮಾ ಹೊರಗ ಬಂದು ಹಾವು ನೋಡಿ, ಫೋನ್ ತಗದ್ಲು.”

ಅವನೂ ಫೋನು ತೆಗೆದು ಅವಳ ಮುಖದೆದುರು ಹಿಡಿದ. ಪರದೆಯ ಮೇಲೆ ಶೈಲಾ, ನೀಲಿ ಸೀರೆಯಲ್ಲಿ, ನಗುತ್ತಿದ್ದಳು. “ಕರೀ ಮೈ, ಬಿಳೀ ಪಟ್ಟಿ. ನೋಡಿ ಹೆದರಬ್ಯಾಡ್ರಿ. ಇದು ತೋಳಹಾವು, ಇದಕ್ಕ ವಿಷಾ ಇಲ್ಲ. ಕಡದ್ರೂ ಏನೂ ಆಗೂದಿಲ್ಲ.” ಅಲ್ಲಿಗೆ ಡೊಳ್ಳಿನ ಸದ್ದೊಂದು ಬಂದು, ‘ಗುಮ್ಮಟ ಸುದ್ದಿ’ ಎಂಬ ಅಕ್ಷರ ಮೂಡಿ, ವಿಡಿಯೋ ಮತ್ತೆ ಮೊದಲಿನಿಂದ ಶುರುವಾಯಿತು. “ಕರೀ ಮೈ, ಬಿಳೀ ಪಟ್ಟಿ…”

“ಇದರಾಗ ಇನ್ನೂ ಐತಿ,” ಅಂದಳು ಶೈಲಾ. “ಕಡೀಕ ನಾ ಹೇಳೀನಿ. ಯಾವ ಹಾವಽ ಕಡೀಲಿ ಅಂತ… ಕತ್ತರಿಸ್ಯಾರ.”

“ನಾ ಗಾಡಿ ಬಂದ್ ಮಾಡಿದೆ ಬಾಯಾರ,” ಅಂದ ಅಯೂಬ. ಅವಳ ಮಾತು ಅವನಿಗೆ ಮುಟ್ಟಿರಲಿಲ್ಲ. “ಬಿ.ಎಸ್‌ಸಿ ಓದಿದ ತಂಗಿ ಹೇಳ್ಯಾಳಂತ ಬಂದ್ ಮಾಡಿದೆ. ಎಲ್ಲಾರೂ ಚಹಾ ಕುಡದ್ವಿ. ಹೊತ್ತು ಏರಿದ ಮ್ಯಾಲ ಅಬ್ಬಾ ಹೊಟ್ಟಿ ನೋವು ಅಂದ್ರು. ಆ ಮ್ಯಾಲ ಕಣ್ಣಿನ ರೆಪ್ಪಿ ಎತ್ತಾಕ ಆಗಲಿಲ್ಲ. ಗುಟುಕು ನೀರು ಇಳೀಲಿಲ್ಲ. ಗಾಡಿ ಹೊಂಟಾಗ ಉಸಿರು ಇತ್ತು. ವಿಜಯಪುರಾ ಮುಟ್ಟಲಿಲ್ಲ.”

ಅವಳು ಹೇಗೆ ನಡೆದು ಓಣಿಯ ತಿರುವಿಗೆ ಬಂದಳೋ. ಹಿಂದೆ ಯಾರೋ ಸೆರಗು ಹಿಡಿದು ನಿಲ್ಲಿಸಿದರು. ಮಾಸುಮಬಿ. ಹೆಂಗಸರ ನಡುವಿನಿಂದ ಎದ್ದು ಓಡಿ ಬಂದಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅಯೂಬ ಹೇಳಿದ್ನೇನ್ರಿ? ಬಾಯಾರ, ನಿಮ್ಮ ಕಾಲಿಗೆ ಬೀಳತೀನಿ, ಯಾರ ಮುಂದೂ ಆಡಬ್ಯಾಡ್ರಿ. ಮಗಳ ಅಪ್ಪನ್ನ ಕೊಂದ್ಲು ಅಂತಾರ್ರಿ ಮಂದಿ. ಮದವಿ ಆಗಬೇಕಾದ ಹುಡುಗಿ. ಎದಿ ಒಡದು ಸತ್ರು ಅಂತ ಹೇಳೀವಿ, ನೀವೂ ಹಂಗ ಹೇಳ್ರಿ.”

“ಯಾರ ಮುಂದೂ ಹೇಳೂದಿಲ್ಲ, ಅಮ್ಮಾ,” ಅಂದಳು ಶೈಲಾ. ಅವಳು ಮಾತು ಕೊಟ್ಟಿದ್ದು ಮನಃಪೂರ್ವಕವಾಗಿಯೇ.

ಮರುದಿನ ಅವಳು ಕಾಲೇಜಿಗೆ ಹೋಗುವ ಬದಲು ಗುರುಪಾದಯ್ಯನ ಅಂಗಡಿಗೆ ಹೋದಳು. ಅವನು ಎದ್ದು ನಿಂತು ಕುರ್ಚಿ ಒರೆಸಿದ. ಚಹಾ ತರಿಸಿದ. ಅವಳು ಚಹಾ ಮುಟ್ಟದೆ ಕೇಳಿದಳು, “ನನ್ನ ವಿಡಿಯೋಕ್ಕ ಏನ ಮಾಡಿದ್ರಿ?”

“ನಾ ಏನೂ ಸೇರಿಸಿಲ್ರಿ ಮೇಡಂ,” ಅಂದ ಗುರುಪಾದಯ್ಯ. “ಕಡಿಮಿ ಮಾಡೀನಿ, ಅಷ್ಟ. ಕಡೀಕ ಉಪದೇಶ ಬಂದ ಕೂಡ್ಲೇ ಮಂದಿ ಮುಂದ ಹೊಕ್ಕಾರ್ರಿ. ಅದನ್ನ ತಗದ ಮ್ಯಾಲ ನೋಡ್ರಿ, ಎಷ್ಟ ಓಡೈತಿ! ನಿಮ್ಮ ಪೇಜಿನ್ಯಾಗ ಅದರ ಕಾಲು ಭಾಗಾನೂ ಓಡಿಲ್ಲ.”

“ಅದ್ರಿಂದ ಒಬ್ರು ಸತ್ತಾರ.”

ಅವನ ಮುಖ ನಿಜಕ್ಕೂ ಬಿಳಚಿತು. ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ತಕ್ಷಣ ಫೋನು ತೆಗೆದು ಅವಳ ಕಣ್ಣೆದುರೇ ವಿಡಿಯೋ ಅಳಿಸಿ ಹಾಕಿದ. ಚಿಟಿಕೆ ಹೊಡೆಯುವಷ್ಟು ಹೊತ್ತು ಹಿಡಿಯಲಿಲ್ಲ. ಆಮೇಲೆ ಹುಡುಕಿ ನೋಡಿದರು. ಬಾಗಲಕೋಟೆಯ ಪೇಜಿನಲ್ಲಿತ್ತು, ಬೆಳಗಾವಿಯ ಪೇಜಿನಲ್ಲಿತ್ತು, ‘ಹಳ್ಳಿ ಜ್ಞಾನ’ ಎಂಬ ಯಾರದೋ ಪೇಜಿನಲ್ಲಿ ಬೇರೆ ಹಾಡು ಹಚ್ಚಿಕೊಂಡು ಕುಣಿಯುತ್ತಿತ್ತು. ವಾಟ್ಸಾಪಿನಲ್ಲಿ ಎಲ್ಲೆಲ್ಲಿ ಹೊಕ್ಕಿದೆಯೋ ದೇವರಿಗೇ ಗೊತ್ತು.

“ಒಂದ ದಾರಿ ಐತ್ರಿ,” ಅಂದ ಗುರುಪಾದಯ್ಯ. “ಯಾರ ಅದನ್ನ ನೋಡ್ಯಾರೋ ಅವರು ನನ್ನ ಪೇಜಿನ್ಯಾಗ ಅದಾರ. ನೀವು ಇಲ್ಲೇ ಕುಂತು ಖರೇ ಸಂಗ್ತಿ ಹೇಳ್ರಿ. ನಾ ಹಾಕ್ತೀನಿ. ಆದ್ರ ಬರೇ ಹಾವಿನ ಪಟ್ಟಿ, ಬಾಲಾ ಅಂತ ಹೇಳಿದ್ರ ಯಾರೂ ನೋಡೂದಿಲ್ಲ. ಏನಾತು ಅನ್ನೂದು ಹೇಳ್ರಿ.”

ಅವಳು ಯೋಚಿಸಿದಳು. ಅವನು ಹೇಳಿದ್ದು ಸುಳ್ಳಲ್ಲ. ಜನಕ್ಕೆ ನೆನಪಿರುವುದು ಸತ್ತವರ, ಉಳಿದವರ ಕಥೆ. ಮಳೆ ಶುರುವಾಗುವ ಮೊದಲು ಆ ವಿಡಿಯೋವನ್ನು ಮಂದಿಯ ತಲೆಯಿಂದ ತೆಗೆಯಬೇಕು. ಹೆಸರು ಹೇಳುವುದಿಲ್ಲ. ಜಾತಿ, ಓಣಿ, ಕಸುಬು ಹೇಳುವುದಿಲ್ಲ. ಹಾಗಿದ್ದ ಮೇಲೆ ಕೊಟ್ಟ ಮಾತು ಮುರಿದ ಹಾಗೆ ಹೇಗಾಗುತ್ತದೆ?

ಗುರುಪಾದಯ್ಯ ದೀಪ ಹಚ್ಚಿ ಫೋನು ನಿಲ್ಲಿಸಿದ. ಅವಳು ಹೇಳಿದಳು. ಕಟ್ಟುಹಾವು ಕಡಿದರೆ ನೋವಿರುವುದಿಲ್ಲ, ಬಾವು ಬರುವುದಿಲ್ಲ, ಅದಕ್ಕೇ ಮೋಸ ಹೋಗುತ್ತೇವೆ ಅಂದಳು. ರೆಪ್ಪೆ ಇಳಿಯುವುದು, ಉಸಿರು ನಿಲ್ಲುವುದು ಎಲ್ಲ ಹೇಳಿದಳು. ನಡುವೆ, “ಬಬಲೇಶ್ವರ ಕಡೆ ಒಂದ ಮನ್ಯಾಗ, ಓದಿದ ಮಗಳು ನನ್ನ ವಿಡಿಯೋ ನಂಬಿ ಅಪ್ಪನ್ನ ಮನ್ಯಾಗ ಇಟ್ಕೊಂಡ್ಲು. ನನ್ನ ಮಾತಿನಿಂದ ಒಂದು ಜೀವಾ ಹೋತು,” ಎಂದಾಗ ಅತ್ತುಬಿಟ್ಟಳು. ಸಾವರಿಸಿಕೊಂಡು ಮತ್ತೆ ಎಲ್ಲ ಹೇಳಿ ಮುಗಿಸಿದಳು. “ಈ ಸಲ ಒಂದಕ್ಷರಾನೂ ಕತ್ತರಿಸಬ್ಯಾಡ್ರಿ,” ಅಂದಳು. “ನಿಮ್ಮಾಣಿ ಇಲ್ರಿ,” ಅಂದ ಅವನು.

ಅವನು ಪೂರ್ತಿ ವಿಡಿಯೋವನ್ನು ಹಾಕಿದ್ದು ಖರೆ. ಅದಕ್ಕೆ ಮುಂಚೆ, ಮಂದಿಯನ್ನು ಎಳೆಯಲು, ಸಣ್ಣ ತುಣುಕೊಂದನ್ನೂ ಹಾಕಿದ. ಅದರಲ್ಲಿ ಹಾವಿರಲಿಲ್ಲ, ರೆಪ್ಪೆ ಇರಲಿಲ್ಲ, ದವಾಖಾನೆ ಇರಲಿಲ್ಲ. ಅಳುತ್ತಿರುವ ಶೈಲಾ ಇದ್ದಳು, “ಬಬಲೇಶ್ವರ” ಇತ್ತು, “ಓದಿದ ಮಗಳು” ಇತ್ತು. ಮೇಲೆ ದಪ್ಪ ಅಕ್ಷರ: ಹಾವಿನ ಮೇಡಂ ಕಣ್ಣೀರು, ಅಪ್ಪನ ಸಾವಿಗೆ ಮಗಳೇ ಕಾರಣ.

ಅವಳ ಯಾವ ವಿಡಿಯೋವೂ ಅಷ್ಟು ಓಡಿರಲಿಲ್ಲ.

ಬಬಲೇಶ್ವರ ದೊಡ್ಡ ಊರೇ ಇರಬಹುದು, ಆದರೆ ಅಂಥ ವಿಷಯಕ್ಕೆ ಬಂದರೆ ಎಲ್ಲ ಊರೂ ಸಣ್ಣದೇ. ಆ ದಿನಗಳಲ್ಲಿ ಸತ್ತವರು ಯಾರು, ಓದಿದ ಮಗಳಿರುವುದು ಯಾರಿಗೆ, ಬಾಯಾರು ಹೋಗಿದ್ದು ಯಾರ ಮನೆಗೆ. ಸಂಜೆಯ ಹೊತ್ತಿಗೆ ಹೊಂದಿಸಿ ಮುಗಿಸಿದರು. ನಜಮಾಳ ಸಾಲಿಯವರು ಸ್ವಲ್ಪ ದಿನ ಬರಬೇಡಮ್ಮಾ ಅಂದರು. ಯಾವುದೋ ಪೇಜಿನವರು ಗಾದಿ ಅಂಗಡಿಯ ಮುಂದೆ ನಿಂತು ವಿಡಿಯೋ ತೆಗೆದರು. ಮಂತ್ರ ಹಾಕುವವನು, ತಾನು ಅವತ್ತೇ ಆ ಹುಡುಗಿಗೆ ಹೇಳಿದ್ದೆ, ವಿದ್ಯೆ ನೆತ್ತಿಗೇರಬಾರದು ಅಂತ, ಎಂದು ಬಜಾರಿನಲ್ಲಿ ಹೇಳಿಕೊಂಡು ತಿರುಗಿದ.

ಅಯೂಬ ಫೋನು ಮಾಡಿದ. ಬಯ್ಯಲಿಲ್ಲ. “ಅಮ್ಮಿಗೆ ಮಾತ ಕೊಟ್ಟಿದ್ರಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

“ನೀ ಹೆಸರ ಹೇಳಿಲ್ಲಲ್ಲ,” ಅಂದ ಅರುಣಕುಮಾರ. “ಕತ್ತರಿಸಿದಾಂವ ಅಂವ. ನಿನ್ನ ತಪ್ಪ ಏನೈತಿ?”

“ಏಳು ನಿಮಿಷದ್ದನ್ನ ಮೊದಲ ಕತ್ತರಿಸಿದಾಕಿ ನಾನಽ,” ಅಂದಳು ಶೈಲಾ. ಗಿಡ್ಡ ಮಾಡು ಅಂದವನು ತಾನು ಎಂಬುದು ಅವನಿಗೂ ನೆನಪಿತ್ತು.

ಪ್ರಾಚಾರ್ಯರು ಕರೆದು, ಕಾಲೇಜಿನ ಹೆಸರು ಇಂಥದರಲ್ಲಿ ಬರುವುದು ಬೇಡ ಅಂದರು. ಲಕ್ಕವ್ವ ಬಂದಾಗ ಇದೇ ಪ್ರಾಚಾರ್ಯರು ದ್ರಾಕ್ಷಿ ತಿನ್ನುತ್ತ ಕಾಲೇಜಿನ ಹೆಸರು ಬೆಳಗಿಸಿದಿರಿ ಅಂದಿದ್ದರು. ಶೈಲಾ ಅಂದೇ ತನ್ನ ಎಲ್ಲ ವಿಡಿಯೋಗಳನ್ನು ಅಳಿಸಿದಳು. ಗುಡಿ, ದರ್ಗಾದ್ದನ್ನೂ. ಅವು ಬೇಗ ಮರೆಯಾದವು. ಅವನ್ನು ಯಾರೂ ಕತ್ತರಿಸಿ ಮತ್ತೆ ಮತ್ತೆ ಹಾಕಿರಲಿಲ್ಲ. ಕತ್ತರಿಸಿದ ತೋಳಹಾವು ಮಾತ್ರ ಇನ್ನೂ ಹರಿದಾಡುತ್ತಿತ್ತು. ಕಂಡಲ್ಲೆಲ್ಲ ದೂರು ಒತ್ತುತ್ತಿದ್ದಳು. ‘ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ’ ಎಂದು ಉತ್ತರ ಬರುತ್ತಿತ್ತು.

ಮಳೆ ಬಂತು. ಒಂದು ಮಧ್ಯಾಹ್ನ ನಗರದ ದೊಡ್ಡ ದವಾಖಾನೆಯಲ್ಲಿ ತುರ್ತು ವಿಭಾಗ ನೋಡಿಕೊಳ್ಳುತ್ತಿದ್ದ ಡಾಕ್ಟರ್ ವಿದ್ಯಾವತಿ ದಾರಿಯಲ್ಲಿ ಸಿಕ್ಕಳು. ಹಳೆಯ ಪರಿಚಯ. ಶೈಲಾಳ ಕೈ ಹಿಡಿದುಕೊಂಡೇ ಮಾತಾಡಿದಳು.

“ಈ ವರ್ಷ ಏನಾಗೈತಿ ಗೊತ್ತೇನು? ಯಾವ ಹಾವು ಕಡದ್ರೂ ಓಡಿ ಬರಾಕತ್ತಾರ. ಕೇರೆ ಹಾವು ಕಡದ್ರೂ ಬರತಾರ, ಜರಿಹುಳಾ ಕಡದ್ರೂ ಬರತಾರ. ಯಾಕ ಬಂದ್ರಿ ಅಂದ್ರ, ಆ ಮೇಡಂ ಅಳತಿದ್ರಲ್ರಿ, ಮನ್ಯಾಗ ಇಟ್ಕೊಂಡು ಅಪ್ಪ ಸತ್ತನಲ್ರಿ, ಅಂತಾರ. ಕಟ್ಟುಹಾವು ಕಡದವರೂ ನಡಕೋತ ಬಂದು ನಡಕೋತ ಹೋಗ್ಯಾರ. ಏನಽ ಆಗ್ಲಿ, ಕೆಲಸ ಆತು ಶೈಲಾ.”

ಈ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡು ಅವಳಿಗೆ ನಿದ್ದೆ ಬರಲಿಲ್ಲ. ಬದುಕಿದವರು ಬದುಕಿದ್ದು ತನ್ನ ಪಾಠದಿಂದಲ್ಲ, ಆ ಹುಡುಗಿಯ ಮಾನ ಕಳೆದ ತುಣುಕಿನಿಂದ. ಸಂತೋಷ ಪಡಬೇಕೋ ಬೇಡವೋ ತಿಳಿಯದೆ, ಈ ಸುದ್ದಿಗೆ ಹಕ್ಕಿರುವುದು ನಜಮಾ ಒಬ್ಬಳಿಗೇ ಎಂದು ಕೊನೆಗೆ ಅನ್ನಿಸಿತು. ಅಥವಾ ಹಾಗೆ ಅನ್ನಿಸಿಕೊಂಡಳು. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವ ಧೈರ್ಯ ಅವಳಿಗಿರಲಿಲ್ಲ.

ನಜಮಾ ಊರು ಬಿಟ್ಟು ತಿಕೋಟಾದ ಸೋದರಮಾವನ ಮನೆಯಲ್ಲಿದ್ದಾಳೆಂದು ಹಳೆಯ ವಿದ್ಯಾರ್ಥಿಯೊಬ್ಬಳಿಂದ ತಿಳಿಯಿತು. ಅಲ್ಲಿ ಕೇಳಿದರೆ ಮನೂಕದ ಶೆಡ್ಡಿಗೆ ಹೋಗಿದ್ದಾಳೆ ಅಂದರು. ತಗಡಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದರು, ಹಳದಿ ಬೇರೆ, ಕಂದು ಬೇರೆ, ಕಡ್ಡಿ ಬೇರೆ. ಸಿಹಿಯ ವಾಸನೆಗೆ ನೊಣ ಮುತ್ತುತ್ತಿದ್ದವು. ನಜಮಾ ಎದ್ದು ಬಾಗಿಲಿಗೆ ಬಂದಳು. ಮುಖ ಇಳಿದಿತ್ತು, ಬೆರಳಿಗೆಲ್ಲ ಅಂಟು.

“ಯಾಕ ಬಂದ್ರಿ ಬಾಯಾರ,” ಅಂದಳು. ಪ್ರಶ್ನೆಯ ದನಿ ಇರಲಿಲ್ಲ.

“ನನ್ನಿಂದ ಭಾಳ ದೊಡ್ಡ ತಪ್ಪಾತು, ನಜಮಾ.”

“ಯಾವ್ದು?”

ಎರಡರಲ್ಲಿ ಯಾವುದೆಂದು ಹೇಳಬೇಕು?

“ಮೊದಲನೇದು ನಿಮ್ಮದಲ್ರಿ,” ಅಂದಳು ನಜಮಾ. “ನಾ ಏಳು ನಿಮಿಷದ್ದು ಪೂರ್ತಿ ನೋಡಿದ್ದೆ. ಕಡೀ ಮಾತೂ ಗೊತ್ತಿತ್ತು. ಪಟ್ಟಿ ಕುತ್ತಿಗಿಯಿಂದ ಶುರು ಆಗ್ಯಾವೇನಂತ ನೋಡಾಕ ಹ್ವಾದೆ. ಅಣ್ಣಾ ತಲಿ, ಕುತ್ತಿಗಿ ಎಲ್ಲಾ ಜಜ್ಜಿಬಿಟ್ಟಿದ್ದ. ಮತ್ತ ಅಬ್ಬಾ ನಗಾಕತ್ತಿದ್ರು. ತೋಳಹಾವು ಆಗಲಿ ಅಂತ ನನಗ ಬೇಕಾಗಿತ್ತು. ಗುಂಪಿನ್ಯಾಗ ಆ ಗಿಡ್ಡಂದು ಬಂದಿತ್ತು, ಅದನ್ನ ತೋರ್ಸಿದೆ. ಅದು ನನ್ನ ಪಾಪ. ಎರಡನೇದು ನಿಮ್ಮದು.”

“ಹೆಸರು ಹೇಳಲಿಲ್ಲ ನಾನು.”

“ಹೆಸರು ಬಿಟ್ಟು ಎಲ್ಲಾ ಹೇಳಿದ್ರಿ.”

ಒಳಗಿನಿಂದ ಯಾರೋ ನಜಮಾಳನ್ನು ಕರೆದರು. ಅವಳು “ಬಂದೆ” ಅಂದಳು. ಶೈಲಾ ಅವಸರದಲ್ಲಿ, ಉಳಿದಿದ್ದ ಒಂದೇ ಮಾತನ್ನು ಹೇಳಿಬಿಟ್ಟಳು. ಡಾಕ್ಟರ್ ವಿದ್ಯಾವತಿ ಹೇಳಿದ್ದು, ಜನ ಓಡಿ ಬರುತ್ತಿರುವುದು, ಕಟ್ಟುಹಾವು ಕಡಿದವರು ಉಳಿದಿರುವುದು. “ನಿಮ್ಮ ಅಬ್ಬಾನ ಸುದ್ದಿ ಕೇಳಿ ಬಂದವರು ಅವರೆಲ್ಲಾ. ನೀ ಇದನ್ನ ತಿಳಕೋಬೇಕಂತ…”

ನಜಮಾ ಅವಳನ್ನೇ ನೋಡಿದಳು. ತರಗತಿಯಲ್ಲಿ ಎದ್ದು ನಿಂತು ಯಾಕೆ ಎಂದು ಕೇಳುತ್ತಿದ್ದಾಗಿನ ನೋಟ ಅದಲ್ಲ. ಅದಕ್ಕಿಂತ ಹಳೆಯದು, ದಣಿದದ್ದು.

“ಚೊಲೋ ಆತಲ್ರಿ,” ಅಂದಳು. “ಖರೇನಽ ಚೊಲೋ ಆತು. ಉಳದವರ ಮನ್ಯಾಗ ಯಾರೂ ನಮ್ಮನ್ನ ನೆನಸೂದು ಬ್ಯಾಡ. ಆದ್ರ ಒಂದ ಹೇಳ್ರಿ ಬಾಯಾರ. ಇದನ್ನ ನನ್ನ ಸಮಾಧಾನಕ್ಕ ಹೇಳಾಕ ಬಂದ್ರೋ, ನಿಮ್ಮ ಸಮಾಧಾನಕ್ಕ ಬಂದ್ರೋ?”

ಹುಡುಗಿ ಉತ್ತರಕ್ಕೆ ಕಾಯಲಿಲ್ಲ. “ಇಲ್ಲಿ ನಾ ಯಾರಂತ ಗೊತ್ತಿಲ್ರಿ. ಮಾವನ ಮಗಳು ಅಂತ ತಿಳದಾರ. ನೀವು ಬಂದದ್ದು ನೋಡಿದ್ರ ಗುರ್ತಾ ಹಿಡೀತಾರ. ಇನ್ನ ಬರಬ್ಯಾಡ್ರಿ,” ಎಂದು ಒಳಗೆ ಹೋದಳು.

ಅವಳು ಹೇಳಿದ್ದು ತಡವಾಗಿತ್ತು. ಸಾಲಿನ ಕೊನೆಯಲ್ಲಿ ಕೂತ ಹೆಂಗಸೊಬ್ಬಳು ಆಗಲೇ ಕತ್ತು ಚಾಚಿ ನೋಡುತ್ತಿದ್ದಳು. ಪಕ್ಕದವಳ ಮೊಣಕೈಗೆ ತಿವಿದು, “ಏ, ಆಕಿ ಹಾವಿನ ಮೇಡಂ ಹೌದೋ ಅಲ್ಲೋ ನೋಡ ಬೇ?” ಅಂದಳು. ಪಕ್ಕದವಳು ಶೈಲಾಳನ್ನು ನೋಡಿದಳು, ಆಮೇಲೆ ತನ್ನ ಜಾಗಕ್ಕೆ ಬಂದು ಕೂರುತ್ತಿದ್ದ ನಜಮಾಳನ್ನು ನೋಡಿದಳು. ಶೈಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್‌ ನಿಲ್ದಾಣದ ಕಡೆ ಬಿರಬಿರನೆ ನಡೆದಳು. ಹಿಂದೆ ಶೆಡ್ಡಿನಲ್ಲಿ ಮಾತು ನಿಂತು, ಬರೀ ಮನೂಕ ಡಬ್ಬಿಗೆ ಬೀಳುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.